ಒಂದು ಫೋಟೊಗೆ ಎರಡು ಬರಹ

ಗುರುಪಾದಸ್ವಾಮಿಯ ತಲೆ ಮತ್ತೆ ಎಡಕ್ಕೆ ವಾಲಿತು. ಪುಟ್ಟರಾಜು ಅದನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದ. ಪಕ್ಕದ ಮನೆಯ ಮಲ್ಲೇಶ್ ಗೋಡೆಯ ಮೊಳೆಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ, ಗೋಡೆಗೊರಗಿಸಿ ಕೂರಿಸಿದ್ದ ಹೆಣದ ಹಣೆಯ ಸುತ್ತ ತಂದು ಬಿಗಿಯುತ್ತಿದ್ದ.

"ನೀ ಬುಡು ಪುಟ್ಟರಾಜಣ್ಣ, ಆಗ್ಲಿಂದ ನಿಂತಿದ್ದೀಯ. ನಾನು ಇಡ್ಕತೀನಿ."

"ನೀ ಕಟ್ಟು. ಇಡ್ಕಳದು ನಂಗೊತ್ತು."

ಹರದನಹಳ್ಳಿಯ ಆ ನಡುಮನೆಯಲ್ಲಿ ನೆಂಟರಿಗೇನೂ ಬರವಿರಲಿಲ್ಲ. ಅಣ್ಣನ ಮಕ್ಕಳಿದ್ದರು, ಗುಂಡ್ಲುಪೇಟೆಯಿಂದ ಬಂದ ಮಗಳು ಅಳಿಯ ಇದ್ದರು. ಆದರೂ ತಲೆಯನ್ನು ಪುಟ್ಟರಾಜು ಯಾರ ಕೈಗೂ ಕೊಡಲಿಲ್ಲ. ಅವನು ನೆಂಟನಲ್ಲ, ದಾಯಾದಿಯೂ ಅಲ್ಲ. ಚಾಮರಾಜನಗರದ ಗ್ರಂಥಾಲಯದಲ್ಲಿ ಪುಸ್ತಕ ಎತ್ತಿಕೊಟ್ಟು ನಿವೃತ್ತನಾದವನು. ಸತ್ತವನಾದರೂ ಯಾವ ದೊಡ್ಡ ಮನುಷ್ಯ? ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡು ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ ಎಂದು ಫೋಟೊ ತೆಗೆದುಕೊಂಡಿದ್ದವನು. ಆದರೂ ಈ ಮನುಷ್ಯನ ಮೇಲೆ ತನಗಿರುವಷ್ಟು ಹಕ್ಕು ಬೇರೆ ಯಾರಿಗೂ ಇಲ್ಲವೆಂದು ಪುಟ್ಟರಾಜು ನಂಬಿಕೊಂಡಿದ್ದ. ಹತ್ತೊಂಬತ್ತು ಚಳಿಗಾಲ ಇವನ ಜೊತೆ ಬೋರೆ ಹತ್ತಿದವನು ತಾನೊಬ್ಬನೇ ಅಲ್ಲವೇ?

ಬೋರೆಯೆಂದರೆ ಪುಣಜನೂರಿನ ದಾರಿಯಲ್ಲಿರುವ ಬೋಳು ದಿಣ್ಣೆ. ಹುಲ್ಲು, ಕುರುಚಲು, ಗಾಳಿ, ಅಷ್ಟೇ ಅಲ್ಲಿರುವುದು. ಅದರ ನೆತ್ತಿಯಲ್ಲಿ ಯಾವ ಕಾಲದವರೋ ನಿಲ್ಲಿಸಿದ ಕಲ್ಲುಗಳಿವೆ. ಸುತ್ತಲ ಊರಿನವರು ಪಾಂಡವರ ಕಲ್ಲು ಎಂದು ಕೈಮುಗಿದು ಸುಮ್ಮನಾಗುತ್ತಾರೆ. ಗುರುಪಾದಸ್ವಾಮಿ ಸುಮ್ಮನಾದವನಲ್ಲ. ಪ್ರತಿ ವರ್ಷ ಪುಷ್ಯದಲ್ಲಿ, ಹುಲ್ಲು ಒಣಗಿ ಬಿಸಿಲು ಓರೆಯಾಗುವ ಹೊತ್ತಿಗೆ, ಹೋಗಿ ಅವುಗಳ ಫೋಟೊ ತೆಗೆಯುತ್ತಿದ್ದ. ಪ್ರತಿ ಫೋಟೊಗೆ ಪುಟ್ಟರಾಜು ನಾಲ್ಕು ಸಾಲು ಬರೆದುಕೊಡುತ್ತಿದ್ದ. ಲೋಕಕ್ಕೆ ಗೊತ್ತಿಲ್ಲದಿದ್ದರೆ ಬೇಡ, ಅದು ಅವರಿಬ್ಬರ ಕೆಲಸವಾಗಿತ್ತು.

ಮಗಳು ಕಾವ್ಯಶ್ರೀ ದಪ್ಪನೆಯ ಆಲ್ಬಂ ತಂದು ಅವನ ಮುಂದಿಟ್ಟಳು. ಅಳು ನಿಂತಿದ್ದರೂ ಮೂಗು ಕೆಂಪಾಗಿತ್ತು.

"ಚಿಕ್ಕಪ್ಪ, ಮಣ್ಣು ಆಕೋಕೆ ಮುಂಚೆ ಇದರಲ್ಲಿ ಒಂದು ಬರಹ ಓದ್ಬೇಕು ಅಂತ ಅಪ್ಪ ಆವಾಗಾವಾಗ ಹೇಳ್ತಿದ್ರು. ನೀವೇ ಆರಿಸಿ ಓದ್ಬುಡಿ."

ಪುಟ್ಟರಾಜುವಿನ ಎದೆಯುಬ್ಬಿತು. ಸಾವಿನ ಮನೆಯಲ್ಲಿ ಉಬ್ಬಬಾರದು, ಆದರೂ ಉಬ್ಬಿತು. ಅವನು ಮೂಲೆಯ ಕುರ್ಚಿಯಲ್ಲಿ ಕೂತು, ಇಷ್ಟು ವರ್ಷ ತನ್ನ ಕೈಗೆ ಬಂದಿರದ ಆಲ್ಬಂ ತೆರೆದ. ಪ್ರತಿ ಫೋಟೊದ ಕೆಳಗೆ ಅವನದೇ ಅಕ್ಷರ. 'ಓ ಶಿಲೆಯೇ, ಯುಗಯುಗಗಳ ಮೌನಸಾಕ್ಷಿಯೇ, ನಿನ್ನ ಗರ್ಭದೊಳಗೆ ಅದೆಷ್ಟು ರಹಸ್ಯ...' ಓದಿ ತಾನೇ ತಲೆದೂಗಿದ. ಹಾಳೆ ತಿರುವಿದಾಗ ಅದರ ಬೆನ್ನಿನ ಮೇಲೆ ಬೇರೊಂದು ಬರಹ ಕಂಡಿತು. ದುಂಡಗಿನ ಅಕ್ಷರ, ನೀಲಿ ಶಾಯಿ.

'ಬಿಸಿಲು ಕಾಯಿಸಿಕೊಳ್ಳುತ್ತಿದೆ. ಇದರ ಬೆನ್ನಿಗೂ ಚಳಿ ಇರಬೇಕು.'

ಇನ್ನೊಂದು ಹಾಳೆಯ ಹಿಂದೆಯೂ ಇತ್ತು. 'ಕಲ್ಲಿನ ನೆರಳಿನ ಪಕ್ಕ ಇಬ್ಬರ ನೆರಳು ಬಿದ್ದಿದೆ. ಮೂರನೆಯದಕ್ಕೂ ಜಾಗ ಇತ್ತು.'

ಹತ್ತೊಂಬತ್ತು ವರ್ಷದ ಹಾಳೆಗಳನ್ನು ಅವನು ಮಗುಚಿದ. ಒಂದನ್ನೂ ಬಿಟ್ಟಿರಲಿಲ್ಲ. ಯಾರು ಇವನು? ಯಾವಾಗ ಬರೆದ? ಎಲ್ಲಕ್ಕಿಂತ ಉರಿದದ್ದು ಬೇರೆಯದೇ ಕಾರಣಕ್ಕೆ. ಬರಹ ಚೆನ್ನಾಗಿತ್ತು.

*

ಮೊದಲ ಚಳಿಗಾಲದಲ್ಲಿ ಗುರುಪಾದಸ್ವಾಮಿ ಸ್ಟುಡಿಯೋದ ಬಾಗಿಲೆಳೆದು ಗ್ರಂಥಾಲಯಕ್ಕೆ ಬಂದಿದ್ದ. ಕೈಯಲ್ಲಿ ಬಾಗಿದ ಕಲ್ಲೊಂದರ ಫೋಟೊ ಇತ್ತು.

"ಪುಟ್ಟರಾಜು, ನೀನು ಪುಸ್ತಕದ ಮಧ್ಯ ಇರೋನು. ಇದನ್ನ ನೋಡಿದ್ರೆ ಏನಾರ ಬರೀಬೇಕು ಅನ್ನುಸ್ತದ?"

ಅಲ್ಲಿಯವರೆಗೆ ಪುಟ್ಟರಾಜುವನ್ನು ಯಾರೂ ಏನನ್ನೂ ಬರೆಯೆಂದು ಕೇಳಿರಲಿಲ್ಲ. ಬರೆದುಕೊಟ್ಟ. ಸ್ವಾಮಿ ಓದಿ, "ಚೆನ್ನಾಗದೆ ಕಣ," ಎಂದ. ಆ ಎರಡು ಪದಕ್ಕೆ ಪುಟ್ಟರಾಜು ತನ್ನನ್ನು ತಾನು ಮಾರಿಕೊಂಡುಬಿಟ್ಟ ಎಂದರೂ ಸರಿಯೇ.

ಮುಂದಿನ ಭಾನುವಾರ ಟಿವಿಎಸ್‌ನಲ್ಲಿ ಹೊರಡುವುದೆಂದಾಯಿತು. ಸ್ವಾಮಿ ಗಾಡಿ ಒರೆಸುತ್ತ, "ಗೌರಿನೂ ಬತ್ತೀನಿ ಅಂತಾಳೆ. ಬೋರೆ ಬುಡದಲ್ಲೇ ನಮ್ಮ ಹೊಲ ಅದೆ, ಮೇಲಕ್ಕೆ ಅವಳು ಒಂದು ದಿನಾನೂ ಹತ್ತಿಲ್ಲ," ಎಂದ.

ಗೌರಿಯೆಂದರೆ ಅವನ ಹೆಂಡತಿ ಮಂಗಳಗೌರಿ. ಸ್ಟುಡಿಯೋಗೂ ಅವಳ ಹೆಸರೇ. ಮನೆಯೂ ಅವಳದು, ಸ್ಟುಡಿಯೋ ಬೋರ್ಡೂ ಅವಳದು, ಇನ್ನು ಕಲ್ಲೂ ಅವಳಿಗೇ ಬೇಕೇ ಎಂದು ಪುಟ್ಟರಾಜುವಿಗೆ ಅನಿಸಿತ್ತು.

"ಒಂದು ಗಾಡೀಲಿ ಮೂರು ಜನ ಆಗಾಕಿಲ್ಲ ಕಣಣ್ಣ. ಮೇಲಾಗಿ ಅಲ್ಲಿ ಚಿರತೆ ಓಡಾಡ್ತದಂತೆ. ಹೆಂಗಸರನ್ನ ಕರ್ಕೊಂಡು ಓಗದು ಸರಿ ಅಲ್ಲ."

ಚಿರತೆಯ ಮಾತು ಆ ಕ್ಷಣ ಬಾಯಿಗೆ ಬಂದದ್ದು. ಅಂಥದ್ದನ್ನು ಅವನು ನೋಡಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಸ್ವಾಮಿ ಸ್ವಲ್ಪ ಹೊತ್ತು ಗಾಡಿ ಒರೆಸುವುದನ್ನು ನಿಲ್ಲಿಸಿದ್ದ. ಆಮೇಲೆ, "ಆಗ್ಲಿ ಬುಡು," ಎಂದ. ಅವಳ ಮಾತು ಮತ್ತೆಂದೂ ಬರಲಿಲ್ಲ.

*

ಹತ್ತು ಗಂಟೆಯ ಹೊತ್ತಿಗೆ ಗುಂಡ್ಲುಪೇಟೆಯಿಂದ ಬಸವಪ್ರಸಾದ್ ಬಂದರು. ನಿವೃತ್ತ ಹೆಡ್‌ಮಾಸ್ತರು, ಕವನ ಬರೆಯುವವರು. ರಾಜ್ಯೋತ್ಸವ ಬಂದರೆ ಯಾವುದಾದರೊಂದು ಸಂಘದವರು ಅವರಿಗೆ ಶಾಲು ಹೊದಿಸದೆ ಬಿಡುವುದಿಲ್ಲ. ಹಾರ ಹಾಕಿ ಕೈಮುಗಿದವರು, "ಎಂಥಾ ಕಲ್ಲು ತೆಗೀತಿದ್ರು. ಎಷ್ಟು ಸಲ ನೋಡಿದ್ದೀನೋ ಅವನ್ನ," ಎಂದರು.

ಅಷ್ಟು ಸಾಕಾಯಿತು. ಕಳ್ಳ ಸಿಕ್ಕಿದ ಎಂದುಕೊಂಡ ಪುಟ್ಟರಾಜು. ಶಾಲು ಹೊದ್ದವನಿಗೆ ಇನ್ನೊಬ್ಬರ ಕಂಬಳಿಯ ಮೇಲೂ ಆಸೆ.

ಅದೇ ಹೊತ್ತಿಗೆ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಒಳಗಿನಿಂದ ಕೇಳಿದರು. "ಪ್ರಣವದ ಚೀಟಿ ಇಪ್ಪತ್ತೊಂದು ಬೇಕಲ್ಲ, ಯಾರು ಬರೀತೀರಪ್ಪ? ಅಕ್ಷರ ನೆಟ್ಟಗಿರ್ಲಿ." ಲಿಂಗೈಕ್ಯರಾದವರನ್ನು ಗುಣಿಯಲ್ಲಿ ಕೂರಿಸಿದ ಮೇಲೆ ಹಣೆ, ಎದೆ, ತೋಳು, ಮಂಡಿ ಎಂದು ಇಪ್ಪತ್ತೊಂದು ಕಡೆ ಮಂತ್ರ ಬರೆದ ಚೀಟಿ ಇಡುವುದು ಆ ಮನೆತನದ ಪದ್ಧತಿ.

ಎಲ್ಲರೂ ಪುಟ್ಟರಾಜುವಿನ ಕಡೆ ನೋಡಿದರು. ಬೇರೆ ದಿನವಾಗಿದ್ದರೆ ಆ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಈಗ ಕಾಗದ, ಪೆನ್ನು ತಂದು ಬಸವಪ್ರಸಾದರ ಮುಂದಿಟ್ಟ.

"ನೀವೇ ಬರೀರಿ ಮೇಷ್ಟ್ರೇ. ನಿಮ್ಮ ಕೈ ದೊಡ್ಡದು."

"ಅಯ್ಯೋ, ನೀವಿರುವಾಗ ನಾನಾ?"

"ಬರೀರಿ, ನೋಡಣ."

ಬಸವಪ್ರಸಾದರು ಕನ್ನಡಕ ಏರಿಸಿ ಒಂದು ಚೀಟಿ ಬರೆದರು. ಪುಟ್ಟರಾಜು ಅವರ ಭುಜದ ಮೇಲಿಂದ ಬಗ್ಗಿ ನೋಡಿದ. ಅಕ್ಷರಗಳು ಒಂದರ ಮೇಲೊಂದು ಬಿದ್ದಂತಿದ್ದವು. ಅವನು ಹುಡುಕುತ್ತಿದ್ದ ಕೈ ಇದಾಗಿರಲಿಲ್ಲ.

"ಬ್ಯಾಡ ಬುಡಿ," ಎನ್ನುತ್ತ ಕಾವ್ಯಶ್ರೀ ಬಂದಳು. "ಅಮ್ಮ ಬೆಳಿಗ್ಗೇನೇ ಬರ್ದಿಟ್ಟವ್ರೆ."

ಅವಳ ಅಂಗೈಯಲ್ಲಿದ್ದ ಚೀಟಿಗಳಲ್ಲಿ ಒಂದನ್ನು ಪುಟ್ಟರಾಜು ಎತ್ತಿಕೊಂಡ. ಓಂ ನಮಃ ಶಿವಾಯ. ದುಂಡಗಿನ ಅಕ್ಷರ, ನೀಲಿ ಶಾಯಿ. ಅವನು ಇನ್ನೊಂದನ್ನು ನೋಡಿದ, ಮತ್ತೊಂದನ್ನು ನೋಡಿದ. ಇಪ್ಪತ್ತೊಂದೂ ಅದೇ ಕೈಯವು.

*

ಮಂಗಳಗೌರಿ ಹಿತ್ತಿಲಲ್ಲಿ ಕೂತು ಬಿಲ್ವಪತ್ರೆ ಬಿಡಿಸುತ್ತಿದ್ದಳು. ಅಳುವವರ ನಡುವೆ ಕೂರಲು ಆಗದೆ ಎದ್ದು ಬಂದಿದ್ದಳು.

"ಫೋಟೊ ಹಿಂದೆ ಬರ್ದಿರೋದು ನೀವಾ ಅತ್ತಿಗೆ?"

"ಹೂಂ."

"ಎಷ್ಟು ದಿನದಿಂದ?"

"ಮೊದಲನೇ ವರ್ಸದಿಂದ. ನೀವು ಬರ್ದುಕೊಟ್ಟಿದ್ದನ್ನ ಮನೆಗೆ ತಂದು ಅಂಟಿಸೋರು. ಆಮೇಲೆ ನಂಗೆ ಕೊಟ್ಟು, ನಿಂಗೇನು ಕಾಣ್ತದೆ, ಹಿಂದ್ಗಡೆ ಬರಿ ಅನ್ನೋರು."

"ಒಂದು ದಿನಾನೂ ನಂಗೆ ಹೇಳ್ಲಿಲ್ಲ ಅವ್ರು."

"ನಾನೇ ಬ್ಯಾಡ ಅಂದಿದ್ದೆ. ಹಿತ್ತಲ ಗಿಡ ಮದ್ದಲ್ಲ ಬುಡಿ." ಅವಳು ಹುಳುಬಿದ್ದ ಎಲೆಯೊಂದನ್ನು ಆಚೆ ಎಸೆದಳು. "ನಿಮ್ಮ ಮೇಲೆ ನಂಗೆ ಎಷ್ಟು ಹೊಟ್ಟೆಕಿಚ್ಚು ಅಂದ್ರೆ, ಪುಷ್ಯ ಬಂತು ಅಂದ್ರೆ ನಿಮಗೆ ಜ್ವರ ಬರ್ಲಿ ಅಂತ ದೇವ್ರಿಗೆ ಹರಕೆ ಕಟ್ಕೊಂಡಿದ್ದೀನಿ."

ಪುಟ್ಟರಾಜು ನೆಲಕ್ಕೆ ಬಿದ್ದಿದ್ದ ಪತ್ರೆಯೊಂದನ್ನು ಎತ್ತಿ ಅವಳ ಮುಂದಿಟ್ಟ.

"ಒಂದು ವರ್ಸ ಬಂದೇಬುಡ್ತು. ನೀವು ಮಲಗಿದ್ರಿ. ಈ ಸಲ ನನ್ನ ಕರೀತಾರೆ ಅಂತ ಸೀರೆ ಉಟ್ಕೊಂಡು, ರೊಟ್ಟಿ ಕಟ್ಕೊಂಡು ಕೂತಿದ್ದೆ. ನೀವು ಎದ್ದು ಓಡಾಡೋವರ್ಗೂ ಅವ್ರು ಓಗ್ಲೇ ಇಲ್ಲ. ಪುಟ್ಟರಾಜು ಇಲ್ದೆ ಏನು ಚೆಂದ ಅಂದ್ಬುಟ್ರು."

ಅದನ್ನು ಕೇಳಿ ಪುಟ್ಟರಾಜುವಿಗೆ ಸಂತೋಷವಾಯಿತು. ಎದುರಿಗೆ ತಾಳಿ ಕಳೆದುಕೊಂಡ ಹೆಣ್ಣುಮಗಳು ಕೂತಿದ್ದಾಳೆ, ತಾನು ಖುಷಿಪಡುತ್ತಿದ್ದೇನೆ ಎಂದು ನಾಚಿಕೆಯೂ ಆಯಿತು. ಆದರೆ ಮೊದಲು ಬಂದದ್ದು ಸಂತೋಷವೇ.

"ಕರೀದೆ ನಾನೇ ಹತ್ತಬೋದಿತ್ತು," ಎಂದಳು ಮಂಗಳಗೌರಿ. "ಕರೀದೆ ಹೋದ್ರೆ ಏನು ಮರ್ವಾದೆ? ಅದಲ್ದೆ ಚಿರತೆ ಬೇರೆ ಅದೆಯಂತಲ್ಲ."

"ಆವಾಗ ಇತ್ತು."

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. "ಈ ಹತ್ತೊಂಬತ್ತು ವರ್ಸದಲ್ಲಿ ಅದರ ಒಂದು ಹೆಜ್ಜೆನಾದ್ರೂ ಫೋಟೊದಲ್ಲಿ ಬಿದ್ದಿಲ್ಲ ಪುಟ್ಟರಾಜಪ್ಪ."

*

ಬೋರೆಯ ಬುಡದ ಹೊಲದ ಮೂಲೆಯಲ್ಲಿ ಗುಣಿ ತೋಡಿದ್ದರು. ಗುರುಪಾದಸ್ವಾಮಿಯನ್ನು ಇಳಿಸಿ, ಪದ್ಮಾಸನದಲ್ಲಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟರು. ಅಯ್ಯನವರು ಮಂತ್ರ ಹೇಳುತ್ತ ಒಂದೊಂದೇ ಚೀಟಿ ಇಟ್ಟರು. ಹಣೆಗೆ, ಎದೆಗೆ, ತೋಳಿಗೆ, ಮಂಡಿಗೆ ಎಲ್ಲ ಕಡೆಯೂ ಅವಳ ಅಕ್ಷರವೇ. ಪುಟ್ಟರಾಜು ಎಣಿಸಬಾರದೆಂದುಕೊಂಡು ಎಣಿಸಿದ.

"ಓದಿ ಚಿಕ್ಕಪ್ಪ," ಎಂದಳು ಕಾವ್ಯಶ್ರೀ.

ಅವನು ಆಲ್ಬಂ ತೆರೆದ. ನಾಲ್ಕು ಕಲ್ಲುಗಳು ದುಂಡಗೆ ನಿಂತಿರುವ ಫೋಟೊ. ಕೆಳಗೆ ಅವನ ಸಾಲು ಇತ್ತು, 'ಓ ಕಾಲಪುರುಷನೇ' ಎಂದು ಶುರುವಾಗಿತ್ತು. ಬಾಯಿ ತೆರೆದ. ಗುಣಿಯಲ್ಲಿ ಕೂತಿದ್ದವನ ಮುಖ ಕಂಡಿತು. ಈ ಮುಖದ ಮುಂದೆ ಓ ಎಂದು ಕೂಗಲು ನಾಲಿಗೆ ಏಳಲಿಲ್ಲ. ಹಾಳೆ ಮಗುಚಿ ಬೆನ್ನಿನ ಬರಹವನ್ನು ಓದಿದ.

"ನಾಲ್ಕು ಜನ ಕೂತಿದ್ದಾರೆ. ಐದನೆಯವರು ಎದ್ದು ಹೋಗಿ ಬಹಳ ಹೊತ್ತಾಯಿತು. ಯಾರೂ ಆ ಜಾಗಕ್ಕೆ ಸರಿದು ಕೂತಿಲ್ಲ."

ಹೆಂಗಸರ ಕಡೆಯಿಂದ ಅಳು ಎದ್ದಿತು. ಮಲ್ಲೇಶ್ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಬಸವಪ್ರಸಾದರು ಬಂದು ಪುಟ್ಟರಾಜುವಿನ ಕೈ ಹಿಡಿದು, "ಇಷ್ಟು ದಿನ ನಿಮ್ಮನ್ನ ಬರೀ ಲೈಬ್ರರಿಯವರು ಅಂದ್ಕೊಂಡಿದ್ದೆ. ಏನು ಬರ್ದಿದ್ದೀರಪ್ಪ," ಎಂದರು.

ಹೇಳಬೇಕಿತ್ತು. ಒಂದೇ ಮಾತು. ಗುಣಿಯ ಆಚೆ ದಡದಲ್ಲಿ ಮಂಗಳಗೌರಿ ಕೈಯಲ್ಲಿ ಮಣ್ಣು ಹಿಡಿದು ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದಳು. ಪುಟ್ಟರಾಜು ಆಲ್ಬಂ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ತಲೆ ತಗ್ಗಿಸಿದ. ಅವಳು ಮಣ್ಣು ಹಾಕಿದಳು.

*

ಜನ ಟ್ರ್ಯಾಕ್ಟರು, ಬೈಕು ಹತ್ತಿ ಹೊರಟರು. ಮಂಗಳಗೌರಿ ಹೊರಡಲಿಲ್ಲ.

"ಪುಟ್ಟರಾಜಪ್ಪ, ಮೇಲಕ್ಕೆ ಹತ್ತಬೇಕು. ತೋರ್ಸಿ."

"ಇವತ್ತಾ ಅಮ್ಮ?" ಎಂದಳು ಕಾವ್ಯಶ್ರೀ.

"ಇವತ್ತೇ. ನೀ ಇಲ್ಲೇ ಇರು."

ಇಬ್ಬರೂ ಹತ್ತಿದರು. ಒಣಹುಲ್ಲಿನ ಊಬು ಅವಳ ಸೀರೆಯಂಚಿಗೆ ಮೆತ್ತಿಕೊಂಡಿತು, ಮಂಡಿನೋವಿಗೆ ಎರಡು ಸಲ ನಿಂತಳು. ನೆತ್ತಿ ತಲುಪಿದಾಗ ನಾಲ್ಕು ಗಂಟೆ ದಾಟಿತ್ತು. ಕಲ್ಲುಗಳ ಮೇಲೆ ಓರೆ ಬಿಸಿಲು ಬಿದ್ದಿತ್ತು. ಅವಳು ಯಾವ ಕಲ್ಲನ್ನೂ ಮುಟ್ಟಲಿಲ್ಲ.

"ಅವ್ರು ಎಲ್ಲಿ ಕೂತ್ಕತಿದ್ರು?"

ಪುಟ್ಟರಾಜುವಿಗೆ ಆ ಜಾಗ ಕಣ್ಣುಮುಚ್ಚಿ ಗೊತ್ತು. ಹತ್ತೊಂಬತ್ತು ವರ್ಷ ತಾನೂ ಕೂತ ಜಾಗ. ಬರಹ ಅವಳದು, ಚೀಟಿ ಅವಳದು, ಗಂಡ ಅವಳವನು. ಇದೊಂದನ್ನೂ ಕೊಟ್ಟರೆ ತನಗೆ ಏನು ಉಳಿಯಿತು? ಅವನ ಕೈ ಎದ್ದು, ಮೂಡಲ ಕಡೆಯ ಒಂದು ಗುಂಡುಕಲ್ಲನ್ನು ತೋರಿಸಿತು.

"ಅಗಾ, ಅಲ್ಲಿ."

ಮಂಗಳಗೌರಿ ಅಲ್ಲಿಗೆ ಹೋದಳು. ಕೂರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಕಲ್ಲುಗಳ ಕಡೆ ನೋಡಿದಳು.

"ಇಲ್ಲಿಂದ ನೋಡಿದ್ರೆ ಬಾಗಿದ ಕಲ್ಲು ಬಲಗಡೆ ಬತ್ತದೆ. ಅವ್ರ ಫೋಟೊದಲ್ಲಿ ಯಾವಾಗ್ಲೂ ಎಡಕ್ಕೇ ಇರೋದು."

ಅವಳು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದಳು, ನೋಡಿದಳು. ಬಲಕ್ಕೆ ಸರಿದಳು, ಮತ್ತೆ ನೋಡಿದಳು. ಕಲ್ಲುಗಳ ಮೇಲಿನ ಕಣ್ಣು ಕೀಳದೆ ಕಾಲಲ್ಲೇ ದಾರಿ ತಡವುತ್ತ ಕುರುಚಲು ದಾಟಿ ಇಳಿದು, ಒಂದು ಚಪ್ಪಟೆ ಬಂಡೆಯ ಮುಂದೆ ನಿಂತಳು. ಅಲ್ಲಿ ನಿಂತು ಒಮ್ಮೆ ತಲೆಯಾಡಿಸಿದಳು. ಪುಟ್ಟರಾಜು ಅಲ್ಲಾಡದೆ ನಿಂತೇ ಇದ್ದ.

ಇಬ್ಬರು ಆರಾಮವಾಗಿ ಕೂರುವಷ್ಟು ಬಂಡೆ ಅದು. ಮಂಗಳಗೌರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ನಟ್ಟನಡುವೆ ಕೂತಳು.