ದೊಡ್ಡ ಸೈಜಿನ ಫೋಟೋ

ಹುಡುಗಿಯ ಫೋಟೋ ಮಬ್ಬಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ನನ್ನ ಮಗ ರೆಹಾನನಿಗೆ ಯಡ್ರಾಮಿಯಿಂದ ಬಂದ ಸಂಬಂಧದ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದೆ. ಮೂಗು, ಬಾಯಿ ಎಲ್ಲ ಬರೀ ಚೌಕ ಚುಕ್ಕಿಗಳಾದವು. ಸಂಬಂಧ ತಂದ ಮಸರತಳಿಗೆ ಆಗಲೇ ಫೋನು ಮಾಡಿದೆ.

“ಕ್ಯಾಮೆರಾದ ಸೆಟ್ಟಿಂಗಿನ್ಯಾಗ ಎಲ್ಲಾಕ್ಕಿಂತ ದೊಡ್ಡ ಸೈಜ್ ಇಟ್ಟು ಇನ್ನೊಂದು ತೆಗಸ್ರಿ. ಮಾರಿ ಮ್ಯಾಲೆ ಏನರೆ ಕಲೆ ಐತೇನು ನೋಡ್ಬೇಕು.”

“ಸಣ್ಣದ ಸಾಕು ಅಮ್ಮಿ,” ಎಂದ ರೆಹಾನ. “ದೊಡ್ಡದು ನಿನ್ನ ಫೋನಿನ್ಯಾಗ ಜಾಗಾ ತಿಂತೈತಿ.”

ಮದುವೆಯಾಗುವವನಿಗೆ ಹುಡುಗಿಯ ಮುಖಕ್ಕಿಂತ ನನ್ನ ಫೋನಿನ ಜಾಗದ ಚಿಂತೆ! ನಮ್ಮ ಮನೆತನದಲ್ಲಿ ನಿಕಾಹಕ್ಕೆ ಮೊದಲು ಗಂಡು ಹುಡುಗಿಯ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಫೋಟೋ ಒಂದೇ ಗತಿ.

ಮರುದಿನ ಸಂಜೆ ದೊಡ್ಡ ಫೋಟೋ ಬಂತು. ಹುಬ್ಬು, ಗಲ್ಲ, ಗದ್ದ ಎಲ್ಲ ಹುಡುಕಿದೆ. ಒಂದು ಕಲೆಯೂ ಇರಲಿಲ್ಲ. ಅದಕ್ಕೇ ಅನುಮಾನ ಇನ್ನೂ ಹೆಚ್ಚಾಯಿತು. ಹುಡುಗಿಯ ಹಿಂದೆ ಕಪಾಟಿನ ಕನ್ನಡಿಯಿತ್ತು. ಅದರಲ್ಲಿ ಫೋಟೋ ತೆಗೆಯುತ್ತಿದ್ದ ಗಂಡಸೊಬ್ಬ ಕಂಡ. ಮುಖಕ್ಕೆ ಫೋನು ಅಡ್ಡವಾಗಿತ್ತು. ಒಳಮನೆಯವರೆಗೆ ಬಂದ ಇವನು ಯಾರು? ಇನ್ನೂ ಹಿಗ್ಗಿಸಿದೆ. ಬಿಳಿ ಅಂಗಿ, ಮೂರನೇ ಗುಂಡಿಗೆ ಮಾತ್ರ ಕೆಂಪು ದಾರ. ಬಿಳಿ ದಾರ ಮುಗಿದಿತ್ತೆಂದು ಶುಕ್ರವಾರ ನಾನೇ ಹಾಗೆ ಹೊಲಿದಿದ್ದೆ.

ಜೇವರ್ಗಿಯಲ್ಲಿ ಕೆಲಸವಿದೆ ಎಂದು ಹೋಗಿದ್ದ ರೆಹಾನ ಆಗಷ್ಟೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ.

“ಅಂಗಿ ಬಿಚ್ಚಿ ಕೊಡು,” ಎಂದೆ. “ಆ ಗುಂಡಿ ಯಡ್ರಾಮಿಯಿಂದನೂ ಕಾಣಾಕತ್ತೈತಿ. ಬಿಳಿ ದಾರ ಹಾಕ್ತೇನಿ.”