ಇಷ್ಟದ ನಂಬರಿನ ಶುಲ್ಕ

ಹೊಸ ಕಾರಿಗೆ ಇಷ್ಟದ ನಂಬರ್ ಬೇಕೆಂದು ನನ್ನ ಗಂಡ ಸತ್ಯಪ್ರಕಾಶ್ ಸಾವಿರ ಯೂರೋ ಶುಲ್ಕ ಕಟ್ಟಿ ಬಂದಾಗ ನಾನು ಮೂರು ದಿನ ಮಾತು ಬಿಟ್ಟಿದ್ದೆ. ಅಂಕಿ ಕೂಡಿದರೆ ಒಂಬತ್ತು ಬರಬೇಕಂತೆ, ಆಗ ಮನೆಯವರಿಗೆ ಅಪಾಯವಿಲ್ಲವಂತೆ. ಚಿಪ್ ಕಾರ್ಖಾನೆಯ ಇಂಜಿನಿಯರ್ ಆಡುವ ಮಾತೇ ಇದು!

ಹಾಗೆ ಹಂಗಿಸಿದ ನಾನೇ, ಕಾರಿನ ಪೂಜೆಯಾಗುವವರೆಗೆ ಸೀಟುಗಳ ಪ್ಲಾಸ್ಟಿಕ್ ಕವರ್ ತೆಗೆಯಕೂಡದೆಂದು ಹಟ ಹಿಡಿದೆ. ಪುರೋಹಿತರಿಗೆ ಎರಡು ವಾರ ಬಿಡುವಿರಲಿಲ್ಲ. ಐದು ವರ್ಷದ ಮಗಳು ಅನನ್ಯಾಳ ಪುಟ್ಟ ಕಾರ್ ಸೀಟನ್ನು ಆ ನುಣ್ಣನೆಯ ಕವರಿನ ಮೇಲೆಯೇ ಇಟ್ಟು ಬೆಲ್ಟ್ ಬಿಗಿದವಳೂ ನಾನೇ. ಲೀಕ್ಸ್‌ಲಿಪ್ ಎಂಬ ಊರಿನ ಹತ್ತಿರದ ರೌಂಡಬೌಟಿನಲ್ಲಿ ಸತ್ಯಪ್ರಕಾಶ್ ಜೋರಾಗಿ ಬ್ರೇಕ್ ಒತ್ತಿದರು. ಮಗುವಿನ ಸೀಟು ಜಾರಿತು. ಅವಳ ಭುಜದ ಹತ್ತಿರ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ನರ್ಸ್, ಸೀಟು ಕೂರಿಸಿದ್ದು ಯಾರೆಂದು ಕೇಳಿದಳು. “ನನ್ನ ಗಂಡ” ಎಂದುಬಿಟ್ಟೆ. ಹೆದರಿಕೆ, ಇನ್ನೇನು? ಪಕ್ಕದಲ್ಲೇ ನಿಂತಿದ್ದ ಅವರು ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಹೌದೆಂದು ತಲೆಯಾಡಿಸಿದರು.

ಸುದ್ದಿ ಈ ಪರದೇಶದಲ್ಲಿ ನೆಲೆಸಿದ ನಮ್ಮವರಲ್ಲೆಲ್ಲ ಹಬ್ಬಿತು. ನಮ್ಮೊಂದಿಗೆ ಸರದಿಯಂತೆ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ ಮೂರು ಮನೆಯವರು, “ನೀವು ಸುಸ್ತಾಗಿರ್ತೀರ ಸತ್ಯ, ನಾವೇ ನೋಡ್ಕೋತೀವಿ ಬಿಡಿ” ಎಂದು ಅವರನ್ನು ನಯವಾಗಿ ಕೈಬಿಟ್ಟರು. ಇಲ್ಲಿಯವರು ಪರವಾಗಿಲ್ಲ ಎನ್ನುವ ಹಾಗೆ “ಗ್ರ್ಯಾಂಡ್, ಗ್ರ್ಯಾಂಡ್” ಎಂದು ಸತ್ಯಪ್ರಕಾಶ್ ನಕ್ಕರು.

ಬಾಯಿಬಿಟ್ಟು ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಅದರ ಬದಲು ಸರ್ಕಾರಕ್ಕೆ ಒಂದು ಅರ್ಜಿ ಬರೆದೆ: ಇಷ್ಟದ ನಂಬರಿಗೆ ಜನ ಕಟ್ಟುವ ಶುಲ್ಕದಲ್ಲಿ ಒಂದು ಪಾಲು ತೆಗೆದಿಡಿ, ಊರೂರಿನಲ್ಲೂ ಮಕ್ಕಳ ಕಾರ್ ಸೀಟುಗಳನ್ನು ಪರೀಕ್ಷಿಸಿ ಸರಿಪಡಿಸಿಕೊಡಿ.

ಭಾನುವಾರ ಕ್ಲಾಂಡಾಲ್ಕಿನ್‌ನ ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ಅದನ್ನು ಓದಿದೆ. ಚಪ್ಪಾಳೆ ಬಿತ್ತು. ನಮಗೆಲ್ಲ ಹಿರಿಯರಾದ ಗುಂಡಪ್ಪನವರು ಸಹಿ ಹಾಕುತ್ತಲೇ ಸತ್ಯಪ್ರಕಾಶರನ್ನು ಕೆಣಕಿದರು.

“ಏನಪ್ಪಾ, ನಂಬರ್‌ಗೆ ಸಾವಿರ ಸುರಿದೆ. ಮಗು ಸೀಟ್ ಕಟ್ಟೋಕೆ ಮಾತ್ರ ಬರ್ಲಿಲ್ವಾ?”

ಎಲ್ಲರೂ ನಕ್ಕರು.

“ತಪ್ಪು ನಂದೇ ಸರ್. ಇನ್ಮೇಲೆ ಹುಷಾರಾಗಿರ್ತೀನಿ” ಎಂದು ಅವರು ತಲೆ ತಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. “ಅವರಲ್ಲ ಸರ್, ನಾನು. ಸೀಟ್ ಕಟ್ಟಿದ್ದೂ ನಾನೇ, ಆಸ್ಪತ್ರೇಲಿ ಸುಳ್ಳು ಹೇಳಿದ್ದೂ ನಾನೇ.”

ಸತ್ಯಪ್ರಕಾಶ್ ತಲೆಯೆತ್ತಿ ನೋಡಿದರು. ಅವರ ಕಣ್ಣು ತುಂಬಿತ್ತು, ಮುಖದಲ್ಲಿ ಸಣ್ಣ ನಗುವೂ ಇತ್ತು. ಕ್ಷಮಿಸಿಬಿಟ್ಟರು ಎಂದುಕೊಂಡೆ.

ಅಷ್ಟರಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅನನ್ಯಾ ನನ್ನ ಸೆರಗು ಜಗ್ಗಿ, ಇಲ್ಲಿಯ ಮಕ್ಕಳ ರಾಗದಲ್ಲಿ ಅಂದಳು: “ಬಟ್ ಮಮ್ಮಿ, ಐ ಟೋಲ್ಡ್ ಟೀಚರ್ ಇಟ್ ವಾಸ್ ಡ್ಯಾಡಿ. ಯು ಸೆಡ್ ಟು.”

ಹೌದು, ಸೀಟು ಕಟ್ಟಿದ್ದು ಅಪ್ಪ ಎಂದು ಟೀಚರಿಗೆ ಹೇಳೆಂದು ಕಲಿಸಿದವಳು ನಾನೇ. ಇದೊಂದು ಸತ್ಯಪ್ರಕಾಶರಿಗೂ ಗೊತ್ತಿರಲಿಲ್ಲ. ಅವರ ಮುಖದ ನಗು ಹೋಯಿತು. ಎದ್ದು ಬಂದು, ನೋವಿಲ್ಲದ ಕಡೆಯಿಂದ ಮಗಳನ್ನು ಎತ್ತಿಕೊಂಡು, ನನ್ನನ್ನು ದಾಟಿ ಹೊರಗೆ ನಡೆದರು.