ಚೆಕ್ ದೊರೆಯ ತಲೆಮಾರು

"ಏಳು ಹೆಸ್ರು ಅದಾವಾ ಮೇಷ್ಟ್ರೆ? ಏಳಿದ್ರೆ ಸಾಕು, ಎಂಟನೇದು ಕೂಸಿಂದು," ಎಂದು ಎತ್ತಿನ ಮೇಲೆ ಕುಳಿತೇ ಕೇಳಿದ ಹೆಳವ ಚಂದ್ರಯ್ಯ. ಮನೆತನದ ತಲೆಮಾರು ಹೇಳಿ ಮುಗಿಸುವವರೆಗೆ ಹೆಳವ ಎತ್ತಿನಿಂದ ಇಳಿಯುವವನಲ್ಲ. ಶಾಲೆಯ ನಾರಾಯಣಮೂರ್ತಿ ಮೇಷ್ಟ್ರು ಜಗಲಿಯ ಮೇಲೆ ಪರದೇಶದ ಲಕೋಟೆ ಒಡೆಯುತ್ತಿದ್ದರು. ಪಕ್ಕದಲ್ಲಿ ಮೇಳಿಗೆ ಕಡೆಯ ಜಟ್ಟಿಂಗಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಅವನ ಮಗನಿಗೆ ಈ ಮನೆಯ ಹುಡುಗಿ ಒಪ್ಪಿಗೆಯಾಗಿ ತಿಂಗಳಾಗಿತ್ತು. ಹೆಳವನ ಬಾಯಿಂದ ಕುಲ ಕೇಳುವುದೊಂದೇ ಬಾಕಿ.

ಹುಡುಗಿಯ ತಾಯಿ ಕನ್ನಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಲಕೋಟೆ ಬಂದು ವಾರವಾಗಿತ್ತು. ಹೆಳವನ ಎದುರಿಗೇ ಒಡೆಯಬೇಕೆಂದು ಹಟ ಹಿಡಿದವಳೂ ಅವಳೇ. ಊರೆಲ್ಲ ಕೇಳಲಿ, ಹದಿನೇಳು ವರ್ಷ ಬಾಯಿಗೆ ಬಂದಂತೆ ಆಡಿದವರೆಲ್ಲ ಕೇಳಲಿ ಎಂಬ ಹಟ.

ಜೋಗದ ಕಡೆ ವಿದ್ಯುತ್ತಿನ ಕೆಲಸ ನಡೆಯುವಾಗ ಒಬ್ಬ ದೊರೆಯ ಬಿಡಾರಕ್ಕೆ ಅಡಿಗೆಗೆ ಹೋಗಿದ್ದಳು ಕನ್ನಮ್ಮ. ಎಲ್ಲರೂ ಅವನನ್ನು ಚೆಕ್ ದೊರೆ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಪುಸ್ತಕ ಹಿಡಿದು ಕೊಳವೆ ಚೆಕ್ ಮಾಡುತ್ತಾನಲ್ಲ, ಅದಕ್ಕೆ ಚೆಕ್ ದೊರೆ! ಕನ್ನಮ್ಮನೂ ಹಾಗೇ ತಿಳಿದಿದ್ದಳು. ಅವನು ಚಳಿಜ್ವರದಲ್ಲಿ ತೀರಿಕೊಂಡಾಗ ಅವಳು ಆರು ತಿಂಗಳ ಬಸುರಿ. ಅಣ್ಣ ಗುತ್ಯಪ್ಪ ಮನೆಗೆ ಸೇರಿಸಿಕೊಂಡ. ಸೇರಿಸಿಕೊಂಡದ್ದನ್ನು ದಿನಕ್ಕೆ ಮೂರು ಹೊತ್ತು ಆಡಿ ತೋರಿಸಿದ. ಬೆಕ್ಕಿನ ಕಣ್ಣಿನ ಕೂಸು ಶರಾವತಿ ಆ ಮನೆಯ ಸಗಣಿ ಬಾಚಿ, ಗದ್ದೆ ನೆಟ್ಟು, ಇಬ್ಬರು ಆಳುಗಳ ಕೆಲಸ ಒಬ್ಬಳೇ ಮಾಡಿ ಬೆಳೆದಳು. ಪುಣ್ಯಾತ್ಮ ಗುತ್ಯಪ್ಪ ಒಂದು ಆಳಿನ ಕೂಲಿಯನ್ನೂ ಕೊಡಲಿಲ್ಲ.

ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಚಂದ್ರಯ್ಯ ಬರುತ್ತಿದ್ದ. ಮನೆಯವರನ್ನೆಲ್ಲ ಹೆಸರು ಹಿಡಿದು ಹೇಳುತ್ತಿದ್ದ, ತೊಟ್ಟಿಲಲ್ಲೇ ಸತ್ತ ಕೂಸುಗಳನ್ನೂ ಬಿಡುತ್ತಿರಲಿಲ್ಲ. ಶರಾವತಿಯನ್ನು ಬಿಡುತ್ತಿದ್ದ. "ಅಪ್ಪನ ಕುಲ ಎಂತ ಅಂತ ಹೇಳ್ಲಿ ತಾಯಿ? ಚೆಕ್ ಅನ್ನೋದು ಕೆಲ್ಸ. ಕೆಲ್ಸದ ಹೆಸ್ರಲ್ಲಿ ತಲೆಮಾರು ಹೇಳಕ್ಕಾಗಲ್ಲ," ಎನ್ನುತ್ತಿದ್ದ.

ಹೋದ ವರ್ಷ, ಮೂರು ಕಚೇರಿ ಸುತ್ತಿ ಮುದ್ರೆಗಳಿಂದ ಕಪ್ಪಾದ ಕಾಗದವೊಂದು ಕನ್ನಮ್ಮನ ಹೆಸರಿಗೆ ಬಂತು. ಮೇಷ್ಟ್ರು ಓದಿ ನಕ್ಕುಬಿಟ್ಟರು. "ಅಯ್ಯೋ ಕನ್ನಮ್ಮ, ಚೆಕ್ ಅಂದ್ರೆ ಕೆಲಸ ಅಲ್ಲ ಕಣೇ, ಅದೊಂದು ಜನ! ಯುರೋಪಿನಲ್ಲಿದ್ದಾರೆ. ಇದು ನಿನ್ನ ದೊರೆಯ ತಾಯಿ ಬರೆಸಿದ್ದು." ಮಗ ಕಾರೆಲ್ ಮನೆಗೆ ಬರೆದ ಕೊನೆಯ ಕಾಗದದಲ್ಲಿ ಕನ್ನಮ್ಮನ ಹೆಸರಿತ್ತಂತೆ. ಮುದುಕಿ ಈಗ ಇಗರ್ಜಿಯ ಹಳೆಯ ಪುಸ್ತಕಗಳನ್ನು ತೆಗೆಸಿ ವಂಶದ ಹೆಸರುಗಳನ್ನು ಹುಡುಕುತ್ತಿದ್ದಳು. ಮಗನಿಗೆ ಅಲ್ಲಿ ಹೆಂಡತಿ ಮಕ್ಕಳಿದ್ದರೆ ತಿಳಿಸಿ, ಬರೆದುಕೊಳ್ಳುತ್ತೇನೆ, ನನಗೂ ಕಣ್ಣು ಮುಚ್ಚುವ ವಯಸ್ಸಾಯಿತು ಎಂದಿದ್ದಳು. ಕನ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಷ್ಟು ದೂರದಲ್ಲೂ ಒಬ್ಬ ಹೆಳವಿ ಇದ್ದಾಳಲ್ಲ ಎಂದು ಅವಳಿಗೆ ಅನ್ನಿಸಿತು.

ಉತ್ತರ ನಾನೇ ಬರೆದುಕೊಡುತ್ತೇನೆ ಎಂದರು ಮೇಷ್ಟ್ರು. ಗುತ್ಯಪ್ಪ ಒಪ್ಪಲಿಲ್ಲ. "ಪರದೇಶಕ್ಕೆ ಹೋಗೋದು, ಟೈಪ್ ಮಾಡ್ಸಿದ್ದೇ ಆಗ್ಬೇಕು," ಎಂದು ತಂಗಿಯನ್ನು ಸಾಗರಕ್ಕೆ ಕರೆದುಕೊಂಡು ಹೋದ. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ತಾನು ಒಳಗೆ ಹೋಗಿ ಬರೆಸಿಕೊಂಡು ಬಂದ. "ಕೂಸಿನ ಹೆಸ್ರು ಹಾಕಿದ್ರಾ ಅಣ್ಣ? ಕಣ್ಣಿನ ವಿಷ್ಯ?" ಎಂದಳು. "ಎಲ್ಲಾ ಬರ್ಸೀನಿ, ಒತ್ತು," ಎಂದ. ಕಾಗದ ಹರಿದೀತೇನೋ ಎನ್ನುವಷ್ಟು ಜೋರಾಗಿ ಅವಳು ಹೆಬ್ಬೆಟ್ಟು ಒತ್ತಿದ್ದಳು.

ಈಗ ಮೇಷ್ಟ್ರು ಲಕೋಟೆಯಿಂದ ದೊಡ್ಡ ಹಾಳೆಯೊಂದನ್ನು ತೆಗೆದು ಬಿಡಿಸಿದರು. ಮೇಲಿಂದ ಕೆಳಗೆ ಗೆರೆ ಎಳೆದು ಹೆಸರು ಬರೆದಿತ್ತು. "ಯಾನ್," ಎಂದು ಓದಿದರು. ಚಂದ್ರಯ್ಯ ಗಂಟೆ ಬಾರಿಸಿ, "ಯಾನಯ್ಯನ ಮಗ ಯಾರಯ್ಯಾ?" ಎಂದ. "ಮಾತೇಯ್." "ಮಾತಯ್ಯನ ಮಗ ಯಾರಯ್ಯಾ?" ಅಂಗಳದಲ್ಲಿ ನೆರೆದವರು ಬಿದ್ದು ಬಿದ್ದು ನಕ್ಕರು. ಜಟ್ಟಿಂಗಪ್ಪ ಮಾತ್ರ ತಲೆದೂಗಿದ.

"ಹೆಸ್ರು ಹ್ಯಾಗಾರ ಇರ್ಲಿ, ಬೇರು ಆಳಕ್ಕೆ ಇಳಿದಿದೆ ಮಾರಾಯ್ರೆ."

ಆ ಮಾತು ಕೇಳಿ ಕನ್ನಮ್ಮನ ಎದೆ ತುಂಬಿ ಬಂತು. ಹೆಳವನಿಗೆ ಕೊಡುವ ಭತ್ತವನ್ನು ಮೊರದಲ್ಲಿ ತುಂಬಿ ಮಗಳ ಕೈಗೆ ಕೊಟ್ಟು ಅಂಗಳಕ್ಕೆ ಕಳಿಸಿದಳು. ಏಳನೆಯ ಹೆಸರು ಬಂತು, ಕಾರೆಲ್. "ಕಾರೇಲಯ್ಯನ ಮಗಳು ಯಾರಯ್ಯಾ?" ಎಂದು ಚಂದ್ರಯ್ಯ ರಾಗ ಎತ್ತಿದ.

ಮೇಷ್ಟ್ರು ಹಾಳೆ ಮಡಚತೊಡಗಿದರು.

"ನಿಲ್ಸಿದ್ಯಾಕೆ? ಕೆಳಗೆ ಇನ್ನೂ ಅಕ್ಷರ ಇದೆಯಲ್ಲ, ಓದಿ," ಎಂದ ಗುತ್ಯಪ್ಪ. ಅವನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ.

"ಬೇಡ ಗುತ್ಯಪ್ಪ."

"ಬೀಗರಾಗೋರು ಕೂತಿದಾರೆ. ಮುಚ್ಚಿಡೋದು ನಮ್ಮ ಮನೇಲಿಲ್ಲ."

ಜಟ್ಟಿಂಗಪ್ಪನೂ ಓದಿ ಎಂದ. ಮೇಷ್ಟ್ರು ಯಾರ ಮುಖವನ್ನೂ ನೋಡದೆ ಓದಿದರು: "ಮದುವೆಯಿಲ್ಲ, ಸಂತಾನವಿಲ್ಲ. ನಮ್ಮ ಮನೆತನ ಇಲ್ಲಿಗೆ ಮುಗಿಯಿತು. ಹೀಗೆಂದು ಹೆಬ್ಬೆಟ್ಟೊತ್ತಿ ತಿಳಿಸಿದವಳು ಅಡಿಗೆಯ ಕನ್ನಮ್ಮ. ಆಕೆಗೆ ದೇವರು ಒಳ್ಳೆಯದು ಮಾಡಲಿ."

ಜಟ್ಟಿಂಗಪ್ಪ ಬಾಯೊಳಗಿನ ಎಲೆ ಉಗಿದು ಬಂದು ಚಪ್ಪಲಿ ಮೆಟ್ಟಿದ. "ಹೆತ್ತೋಳೇ ಇಲ್ಲ ಅಂದ್ಮೇಲೆ ಇದೆ ಅನ್ನಕ್ಕೆ ನಾನ್ಯಾರು?" ಎಂದು ಹೊರಟೇಹೋದ.

"ಅಣ್ಣಾ," ಎಂದಳು ಕನ್ನಮ್ಮ.

"ಊರಿನ ಬಾಯಲ್ಲಿ ಇದ್ದಿದ್ದು ಗಾಳಿಗೆ ಹೋಗ್ತದೆ. ಕಾಗದಕ್ಕೆ ಹತ್ತಿದ್ದು ಹೋಗ್ತದಾ? ನನ್ನ ಮನೆ ಮಾನ ನಾನು ನೋಡ್ಕೊಂಡೆ," ಎಂದ ಗುತ್ಯಪ್ಪ. ಆಮೇಲೆ ಸೋದರ ಸೊಸೆಯ ಕಡೆ ತಿರುಗಿ, "ಕೊಟ್ಟಿಗೆ ಹಾಗೇ ಬಿದ್ದಿದೆ," ಎಂದ.

ಶರಾವತಿ ತಾಯಿಯನ್ನೇ ನೋಡುತ್ತಿದ್ದಳು. "ಅವ್ವ, ನೀನು ಒತ್ತಿದ್ಯಾ?"

"ಒತ್ತಿದ್ದೆ ಮಗಾ. ನಿನ್ನ ಹೆಸ್ರು ಅಂದ್ಕಂಡು."

ಚಂದ್ರಯ್ಯ ಎತ್ತಿನ ಮೇಲೆ ಮುಜುಗರದಿಂದ ಮಿಸುಕಾಡಿದ. ಎಷ್ಟಾದರೂ ವೃತ್ತಿ ವೃತ್ತಿಯೇ. "ಹೆಳವನ ಎತ್ತು ಬರಿದೇ ತಿರುಗ್ಬಾರ್ದು ತಾಯಿ, ಮೊರ ಕೊಡು. ಯಾರ ಹೆಸ್ರಲ್ಲಿ ಹರಸ್ಲಿ?"

"ಮಾವನ ಹೆಸ್ರಲ್ಲಿ," ಎಂದು ಶರಾವತಿ ಭತ್ತ ಸುರಿದಳು. ಅರ್ಧ ಚೀಲಕ್ಕೆ ಬಿತ್ತು, ಅರ್ಧ ನೆಲಕ್ಕೆ. ಅವಳು ಮೊರ ಅಲ್ಲೇ ಇಟ್ಟು ಕೊಟ್ಟಿಗೆಗೆ ನಡೆದಳು.

ಗಂಟೆಯ ಸದ್ದು ತಿರುವು ದಾಟಿದ ಮೇಲೆ ಕನ್ನಮ್ಮ ಅಂಗಳಕ್ಕಿಳಿದು ಕುಕ್ಕರುಗಾಲಲ್ಲಿ ಕುಳಿತಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಉಳಿದ ನಾಲ್ಕು ಬೆರಳಲ್ಲಿ ಚೆಲ್ಲಿದ ಭತ್ತವನ್ನು ಬಳಿದು ಬಳಿದು ಮೊರಕ್ಕೆ ಹಾಕತೊಡಗಿದಳು.